ಓದದೆ ಬಿಟ್ಟ ಸಾಲು

ಹೊನ್ನೆಕಾಡು ಎಸ್ಟೇಟ್
12 ಜನವರಿ 1979

ನೇರಲಗಂಡಿ ಲೈಬ್ರರಿಯ ಶೇಷಪ್ಪ ಸಾರ್ ಅವರಿಗೆ,

ನಾನು ಮರಿಯಮ್ಮ, ಹೊನ್ನೆಕಾಡು ತೋಟದ ಕೂಸಿನಮನೆಯ ಆಯಾ. ಹೆಂಗಸರು ಕೆಲಸಕ್ಕೆ ಹೋದಾಗ ಅವರ ಮಕ್ಕಳನ್ನು ನೋಡಿಕೊಳ್ಳುವವಳು. ನೀವು ನನ್ನನ್ನು ಕಂಡಿಲ್ಲ. ನಿಮ್ಮ ಮನೆಯವರು, ದ್ಯಾವಮ್ಮಕ್ಕ, ಬಲ್ಲರು. ಬಲ್ಲವರಾಗಿದ್ದರು ಅಂತ ಬರೆಯಬೇಕು, ಕೈ ಇನ್ನೂ ಒಪ್ಪುವುದಿಲ್ಲ. ಅವರು ತೀರಿಕೊಂಡದ್ದು ನಮಗೆ ಹೋದ ಬೇಸಿಗೆಯಲ್ಲಿ ನರ್ಸಮ್ಮನಿಂದ ತಿಳಿಯಿತು.

ಆಸ್ಪತ್ರೆಯ ಆಯಾ ಆಗಿ ನರ್ಸಮ್ಮನ ಜೊತೆ ಮಕ್ಕಳಿಗೆ ಸೂಜಿ ಹಾಕಲು ಅವರು ತಿಂಗಳಿಗೊಮ್ಮೆ ಬರುತ್ತಿದ್ದರು. ಬರುವಾಗ ಚೀಲದ ತಳದಲ್ಲಿ ಹತ್ತು ಹದಿನೈದು ಪುಸ್ತಕ ಇರುತ್ತಿದ್ದವು. ಹಳೆಯವನ್ನು ಒಯ್ದು ಹೊಸವನ್ನು ಕೊಡುತ್ತಿದ್ದರು. ಅವರು ಹೋದ ಮೇಲೆ ಇದ್ದ ಪುಸ್ತಕಗಳೆಲ್ಲ ನಮ್ಮಲ್ಲೇ ಉಳಿದವು. ಯಾರಿಗೆ ಕೊಡುವುದೋ ಗೊತ್ತಾಗಲಿಲ್ಲ.

ಈಗ ಬರೆಯುವುದಕ್ಕೆ ಕಾರಣ ಬೇರೆ. ರೇಷನ್ ಜೀಪಿಗೆ ಹೊಸ ಡ್ರೈವರ್ ಬಂದಿದ್ದಾರೆ, ತಯ್ಯಬ್ ಅಂತ, ನಿಮ್ಮೂರಿನವರು. ನನ್ನ ಕೈಯಲ್ಲಿ ಲೈಬ್ರರಿ ಸೀಲಿನ ಪುಸ್ತಕ ನೋಡಿ ನಗಾಡಿದರು. “ಇದು ನಿಮ್ ಹತ್ರ ಹೆಂಗ್ ಬಂತು ಮಾರಾಯ್ತಿ? ಇಂಥವೇ ನಲವತ್ತೊಂದು ಪುಸ್ತಕ ಕದ್ದು ರದ್ದಿಗೆ ಹಾಕ್ದ ಅಂತ ಅಲ್ಲಿ ಗುಡಿಸೋ ಮಾರಯ್ಯನ್ನ ತೆಗೆದು ಹಾಕಿದ್ರು” ಅಂದರು.

ಸಾರ್, ಅದರಲ್ಲಿ ಇಪ್ಪತ್ತಮೂರು ನನ್ನ ಹತ್ತಿರ ಇವೆ. ಪಕ್ಕದ ತೋಟದ ಕೂಸಿನಮನೆಯಲ್ಲಿ ಇನ್ನು ಹದಿನೈದು. ಗುರುತಿಗೆ ಒಂದನ್ನು ತಯ್ಯಬ್ ಕೈಯಲ್ಲಿ ಕಳಿಸಿದ್ದೇನೆ. ಹಾಗಾದರೆ ಮಾರಯ್ಯ ಕದ್ದದ್ದು ಯಾವುದು?

ಉತ್ತರ ಬರೆಯಿರಿ.

ಮರಿಯಮ್ಮ


ನೇರಲಗಂಡಿ
25 ಜನವರಿ 1979

ಮರಿಯಮ್ಮನವರಿಗೆ,

ಪುಸ್ತಕವೂ ಕಾಗದವೂ ಸೇರಿದವು. ಪುಸ್ತಕಕ್ಕೆ ನೀವು ಹಾಕಿದ ಖಾಕಿ ಹೊದಿಕೆ ತೆಗೆಯದೆ ಹಾಗೇ ಇಟ್ಟಿದ್ದೇನೆ.

ನನ್ನ ಹೆಂಡತಿ ಇಂಥ ಕೆಲಸ ಮಾಡುತ್ತಿದ್ದಳು ಎಂಬುದು ನನಗೆ ಹೊಸ ವಿಷಯ. ಮಾರಯ್ಯನ ವಿಚಾರ ಕಚೇರಿಯ ಮಟ್ಟದಲ್ಲಿ ಮುಗಿದದ್ದು, ಒಂದೂವರೆ ವರ್ಷ ಆಯಿತು. ಈಗ ಅದನ್ನು ಕೆದಕಿದರೆ ತೀರಿಕೊಂಡವಳ ಹೆಸರು ಊರಿನ ಬಾಯಿಗೆ ಬೀಳುತ್ತದೆ. ಆದ್ದರಿಂದ ಉಳಿದ ಪುಸ್ತಕಗಳನ್ನು ಚೀಲದಲ್ಲಿ ಕಟ್ಟಿ, ಯಾರಿಗೂ ಹೇಳದೆ, ತಯ್ಯಬನ ಕೈಯಲ್ಲಿ ಕಳಿಸಿಬಿಡಿ.

ಇನ್ನೊಂದು ವಿಷಯ ಕೇಳಬೇಕು. ಮುಂದಿನ ಮೂರು ವರ್ಷಕ್ಕೆ ಲೈಬ್ರರಿಯನ್ನು ಹೇಗೆ ನಡೆಸುತ್ತೀರಿ, ಯಾರು ಬರುತ್ತಾರೆ, ಯಾರು ಬರುವುದಿಲ್ಲ, ಏಕೆ ಬರುವುದಿಲ್ಲ, ಅದಕ್ಕೆ ಏನು ಮಾಡುತ್ತೀರಿ ಎಂದು ಯೋಜನೆ ಬರೆದು ಕಳಿಸಲು ಮೇಲಿನಿಂದ ಸುತ್ತೋಲೆ ಬಂದಿದೆ. ತೃಪ್ತಿಕರವಾಗಿ ಬರೆಯದ ಶಾಖೆಯನ್ನು ಮುಚ್ಚಿ ಪುಸ್ತಕಗಳನ್ನು ಮೂಡಿಗೆರೆಗೆ ಸಾಗಿಸುತ್ತಾರಂತೆ. ನಾನು ಎಸ್ಸೆಸ್ಸೆಲ್ಸಿ ಓದಿದವನು. ಒಂಬತ್ತು ವರ್ಷ ಸಹಿ ಪುಸ್ತಕ ನೋಡಿಕೊಂಡು ಬಂದಿದ್ದೇನೆಯೇ ಹೊರತು ಯೋಜನೆ ಬರೆದವನಲ್ಲ. ಸುತ್ತೋಲೆಯಲ್ಲಿ “ಮಹಿಳಾ ಓದುಗರು” ಎಂಬ ಖಾನೆ ಇದೆ. ಒಂಬತ್ತು ವರ್ಷದ ಸಹಿ ಪುಸ್ತಕದಲ್ಲಿ ಒಬ್ಬ ಹೆಂಗಸಿನ ಹೆಸರೂ ಇಲ್ಲ.

ನಿಮ್ಮಲ್ಲಿ ಎಷ್ಟು ಜನ ಓದುತ್ತಾರೆ? ಯಾವಾಗ, ಏನು? ತಿಳಿಸಿದರೆ ಉಪಕಾರ.

ಇಂತು,
ಶೇಷಪ್ಪ


ಹೊನ್ನೆಕಾಡು
11 ಫೆಬ್ರವರಿ 1979

ಶೇಷಪ್ಪ ಸಾರ್ ಅವರಿಗೆ,

ಕಾಫಿ ಹಣ್ಣಿನ ಕೊಯ್ಲು ಮುಗಿಯುವ ತನಕ ಪೆನ್ನು ಹಿಡಿಯಲು ಬಿಡುವಾಗಲಿಲ್ಲ. ಕೂಸಿನಮನೆಯಲ್ಲಿ ಮೂವತ್ತನಾಲ್ಕು ಮಕ್ಕಳು. ಈ ಕಾಗದದ ಮೇಲಿನ ಕಲೆ ರಾಗಿ ಗಂಜಿಯದು, ಕ್ಷಮಿಸಿ.

ಎಷ್ಟು ಜನ ಓದುತ್ತಾರೆ ಅಂತ ಕೇಳಿದಿರಿ. ಕಣ್ಣಿಂದ ಓದುವವರು ಏಳು ಜನ. ಕಿವಿಯಿಂದ ಓದುವವರು ನಲವತ್ತು. ನಿಮ್ಮ ಖಾನೆಯಲ್ಲಿ ಯಾರನ್ನು ಬರೆಯುತ್ತೀರೋ ನಿಮಗೇ ಗೊತ್ತು.

ಎಳೆ ಮಕ್ಕಳ ತಾಯಂದಿರು ದಿನಕ್ಕೆ ಎರಡು ಸಲ ಮೊಲೆ ಕೊಡಲು ತೋಟದಿಂದ ಬರುತ್ತಾರೆ, ಬೆಳಿಗ್ಗೆ ಹತ್ತಕ್ಕೆ, ಮಧ್ಯಾಹ್ನ ಎರಡೂವರೆಗೆ. ಅರ್ಧ ಗಂಟೆ ಕೂರಬಹುದು, ಮೇಸ್ತ್ರಿ ಏನೂ ಅನ್ನುವ ಹಾಗಿಲ್ಲ. ಕೈಯಲ್ಲಿ ಕೂಸು, ಬಾಯಿ ಬಿಡುವು, ಕಿವಿ ಬಿಡುವು. ಆಗ ನಾನೋ, ಆ ಏಳರಲ್ಲಿ ಒಬ್ಬಳಾದ ವಿಮಲಮ್ಮನೋ ಓದುತ್ತೇವೆ. ಕಥೆ ಅರ್ಧಕ್ಕೆ ನಿಂತರೆ, “ಕೂಸಿಗೆ ಇನ್ನೂ ಹೊಟ್ಟೆ ತುಂಬ್ಲಿಲ್ಲ, ಓದೇ ನೀನು” ಅನ್ನುತ್ತಾರೆ. ರಂಗಮ್ಮನ ಮಗ ಮೊಲೆ ಬಿಟ್ಟು ಮೂರು ತಿಂಗಳಾಯಿತು, ಅವಳು ಈಗಲೂ ಬರುತ್ತಾಳೆ.

ಎಲ್ಲಕ್ಕಿಂತ ಹೆಚ್ಚು ಕೈ ಬದಲಾದದ್ದು ಮಕ್ಕಳ ಜ್ವರ, ಭೇದಿ ಬಗ್ಗೆ ಇರುವ ತೆಳ್ಳನೆಯ ಪುಸ್ತಕ. ಅದರ ಬೆನ್ನು ಕಿತ್ತು ಹೋಗಿ ಗೋಣಿ ದಾರದಲ್ಲಿ ಹೊಲಿದಿದ್ದೇನೆ. ಕಥೆ ಪುಸ್ತಕಗಳೂ ಬೇಕು. ಅದಕ್ಕಿಂತ, ಯಾವ ಬಸ್ಸು ಹಿಡಿದರೆ ಆಸ್ಪತ್ರೆ ಮುಚ್ಚುವ ಮೊದಲು ಚಿಕ್ಕಮಗಳೂರು ಸೇರಬಹುದು, ಆಫೀಸಿನ ಗೋಡೆಗೆ ಅಂಟಿಸಿದ ನೋಟೀಸಿನಲ್ಲಿ ಏನಿದೆ, ಇಂಥದ್ದನ್ನು ಸರಿಯಾಗಿ ತಿಳಿದು ಹೇಳುವವರು ಬೇಕು. ದ್ಯಾವಮ್ಮಕ್ಕ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ ಮುಂದಿನ ತಿಂಗಳು ಉತ್ತರ ತರುತ್ತಿದ್ದರು.

ನೀವು ಯಾಕೆ ಯಾರೂ ಬರುವುದಿಲ್ಲ ಅಂತ ಕೇಳುತ್ತೀರಿ. ನಿಮ್ಮ ಲೈಬ್ರರಿ ಹತ್ತರಿಂದ ಐದು. ಆಗ ನಾವು ಗಿಡದ ಬುಡದಲ್ಲಿರುತ್ತೇವೆ. ಊರಿಗೆ ಬರುವುದು ಸಂತೆ ದಿನ ಒಂದೇ. ಅವತ್ತು ನಿಮಗೆ ವಾರದ ರಜೆ. ಒಂಬತ್ತು ವರ್ಷದಿಂದ ನಾವು ನೋಡಿರುವುದು ನಿಮ್ಮ ಬೀಗವನ್ನು.

ಪುಸ್ತಕ ಕಳಿಸಿ ಅಂದಿರಿ. ಓದುತ್ತಿದ್ದಾರೆ ಸಾರ್, ಕೈಯಿಂದ ಕಿತ್ತು ಹೇಗೆ ಕಳಿಸಲಿ? ನನ್ನ ಪ್ರಶ್ನೆಗೆ ನೀವು ಉತ್ತರ ಕೊಡಲಿಲ್ಲ. ಮಾರಯ್ಯ ಎಲ್ಲಿದ್ದಾನೆ?

ಮರಿಯಮ್ಮ


ನೇರಲಗಂಡಿ
4 ಮಾರ್ಚ್ 1979

ಮರಿಯಮ್ಮನವರಿಗೆ,

ನಿಮ್ಮ ಕಾಗದವನ್ನು ನಾಲ್ಕು ಸಲ ಓದಿದೆ. ರಜೆಯ ದಿನದ ವಿಷಯ ಓದಿ ತಲೆ ತಗ್ಗಿತು. ಸಂತೆಯ ಗದ್ದಲದಲ್ಲಿ ಓದಲು ಯಾರೂ ಬರುವುದಿಲ್ಲ ಎಂದು ಆ ದಿನವನ್ನು ರಜೆಗೆ ಆರಿಸಿದವನು ನಾನೇ.

ಯೋಜನೆ ಬರೆಯಲು ಕೂತಿದ್ದೇನೆ. ಕೂಸಿನಮನೆಗಳಲ್ಲಿ ಪುಸ್ತಕದ ಪೆಟ್ಟಿಗೆ ಇಡುವುದು, ಸೂಜಿ ಹಾಕುವ ದಿನ ಪೆಟ್ಟಿಗೆ ಬದಲಿಸುವುದು, ಸಂತೆ ದಿನ ಬಾಗಿಲು ತೆರೆಯುವುದು. ಕರಡನ್ನು ತಾಲ್ಲೂಕಿನ ಗುಮಾಸ್ತರೊಬ್ಬರಿಗೆ ತೋರಿಸಿದೆ. “ಇಷ್ಟು ಚೆನ್ನಾಗಿ ಯಾರೂ ಬರೆದಿಲ್ಲ ಶೇಷಪ್ಪನವರೇ, ಹೆಂಗೆ ಹೊಳೀತು ನಿಮಗೆ?” ಎಂದರು. ಅನುಭವದಿಂದ ಎಂದೆ.

ಅದರಲ್ಲಿ ದ್ಯಾವಮ್ಮನ ಹೆಸರಾಗಲಿ ನಿಮ್ಮ ಹೆಸರಾಗಲಿ ಇಲ್ಲ. ಹೊಸ ಆಲೋಚನೆ ಎಂದು ಬರೆದಿದ್ದೇನೆ. ಹಿಂದೆ ನಡೆದಿತ್ತು ಎಂದರೆ ಯಾವ ಪುಸ್ತಕಗಳಿಂದ ಎಂದು ಕೇಳುತ್ತಾರೆ. ನಿಮಗೆ ಅರ್ಥವಾಗುತ್ತದೆ ಎಂದುಕೊಂಡಿದ್ದೇನೆ. ಲೈಬ್ರರಿ ಉಳಿದರೆ ನಿಮಗೂ ಅನುಕೂಲವೇ.

ಮಾರಯ್ಯ ಚಿಕ್ಕಮಗಳೂರಿನಲ್ಲಿ ಕಾಫಿ ಬೀಜ ಹಸನು ಮಾಡುವ ಒಂದು ಕ್ಯೂರಿಂಗ್ ವರ್ಕ್ಸಿನಲ್ಲಿ ಇದ್ದಾನೆಂದು ಕೇಳಿದ್ದೇನೆ. ಹೊಟ್ಟೆಗೆ ತೊಂದರೆ ಇಲ್ಲವಂತೆ. ಅವನು ಹೆಬ್ಬೆಟ್ಟು ಹಾಕಿ ಒಪ್ಪಿಕೊಂಡಿರುವುದರಿಂದ ನಾನು ಮಾಡುವುದೇನೂ ಉಳಿದಿಲ್ಲ.

ಮುಂದಿನ ವಾರಕ್ಕೆ ಅವಳು ಹೋಗಿ ವರ್ಷವಾಗುತ್ತದೆ. ಅವಳು ಮಾಡುತ್ತಿದ್ದ ಹಾಗೆ ಕಾಫಿಗೆ ಬೆಲ್ಲ ಹಾಕಲು ನನಗೆ ಈಗಲೂ ಹದ ಸಿಕ್ಕಿಲ್ಲ.

ಇಂತು,
ಶೇಷಪ್ಪ


ಹೊನ್ನೆಕಾಡು
20 ಮಾರ್ಚ್ 1979

ಶೇಷಪ್ಪನವರಿಗೆ,

ಇಪ್ಪತ್ತಮೂರು ಪುಸ್ತಕ ಕಳಿಸಿದ್ದೇನೆ, ಮೊದಲು ಕಳಿಸಿದ್ದೂ ಸೇರಿ. ಪಕ್ಕದ ತೋಟದ ಹದಿನೈದನ್ನೂ ತರಿಸಿ ಅದೇ ಚೀಲಕ್ಕೆ ಹಾಕಿದ್ದೇನೆ. ಇನ್ನು ಮೂರು ಎಲ್ಲಿವೆಯೋ ಯಾರಿಗೂ ಗೊತ್ತಿಲ್ಲ. ಎಣಿಸಿಕೊಳ್ಳಿ.

ರಂಗಮ್ಮ ತನ್ನದನ್ನು ಕೊಡುವಾಗ, “ನಾವೇ ಕಳ್ಳರಂತಾ?” ಅಂತ ಕೇಳಿದಳು. ಅಲ್ಲ ಅಂದೆ. “ಮತ್ಯಾಕೆ ಗುಟ್ಟಾಗಿ ಕಳಿಸ್ತಿದ್ದೀ?” ಅಂದಳು.

ದ್ಯಾವಮ್ಮಕ್ಕ ಕೊನೆಯ ಸಲ ಬಂದಾಗ ಅವರ ಕಣ್ಣು ಆಗಲೇ ಹಳದಿ ಆಗಿತ್ತು. ಪುಸ್ತಕ ಕೊಟ್ಟು ಹೊರಟವರು ಬಾಗಿಲಲ್ಲಿ ನಿಂತು, “ಓದೋಕೆ ಬಾರದವನ ಹೆಬ್ಬೆಟ್ಟು ಹಾಕ್ಸಿದ್ರೆ ಆ ಕಾಗದದಲ್ಲಿರೋದು ಯಾರ ಮಾತು ಮರಿಯಾ?” ಅಂತ ಕೇಳಿದರು. ಜ್ವರದ ಮಾತು ಅಂದುಕೊಂಡೆ. ಈಗ ಯೋಚಿಸಿದರೆ ಅದು ಜ್ವರದ್ದಲ್ಲ.

ನಿಮ್ಮ ಯೋಜನೆಯಲ್ಲಿ ನಮ್ಮ ಹೆಸರು ಬೇಡ. ನಮ್ಮ ಕೂಸಿನಮನೆಯ ಹೆಸರೂ ಬೇಡ.

ಮರಿಯಮ್ಮ


ನೇರಲಗಂಡಿ
14 ಮೇ 1979

ಮರಿಯಮ್ಮನವರಿಗೆ,

ಎರಡು ತಿಂಗಳಲ್ಲಿ ಈ ಕಾಗದವನ್ನು ಆರು ಸಲ ಶುರು ಮಾಡಿ ಹರಿದಿದ್ದೇನೆ. ಈ ಸಲ ಹರಿಯುವುದಿಲ್ಲ.

ನನಗೆ ಗೊತ್ತಿತ್ತು. ಹೊಸ ವಿಷಯ ಎಂದು ನಿಮಗೆ ಬರೆದದ್ದು ಸುಳ್ಳು.

ಎಪ್ಪತ್ತೇಳರ ಆಗಸ್ಟಿನಲ್ಲಿ ಪುಸ್ತಕ ತಪಾಸಣೆಗೆ ಬಂದವರು ನಲವತ್ತೊಂದು ಕಡಿಮೆ ಇವೆ, ಯಾರು ಹೊಣೆ ಎಂದು ಶುಕ್ರವಾರದೊಳಗೆ ಬರೆದು ಕಳಿಸಿ ಎಂದು ಹೇಳಿ ಹೋದರು. ಹೊಣೆ ನನ್ನದು ಎಂದು ಬರೆದರೆ ನನ್ನ ಕೆಲಸ ಹೋಗುತ್ತಿತ್ತು. ದ್ಯಾವಮ್ಮ ನರ್ಸಮ್ಮನ ಜೊತೆ ಹೊರನಾಡು ಕಡೆ ಹೋಗಿದ್ದಳು, ವಾರದ ಸುತ್ತು. ಬೆಳಿಗ್ಗೆ ಬಾಗಿಲು ತೆಗೆಯುವವನು ಮಾರಯ್ಯ. ಮಾರಯ್ಯನ ಹೇಳಿಕೆ ಎಂದು ನಾನೇ ಬರೆದೆ. “ಈ ಪುಸ್ತಕಗಳನ್ನು ನಾನು ಒಯ್ದು ರದ್ದಿಗೆ ಮಾರಿರುತ್ತೇನೆ” ಎಂಬ ಸಾಲು ಅದರಲ್ಲಿತ್ತು. ಓದಿ ಹೇಳುವಾಗ ಆ ಸಾಲನ್ನು ಬಿಟ್ಟೆ. “ಲೈಬ್ರರಿಯ ಬೀಗದ ಕೈ ನನ್ನ ಬಳಿ ಇರುತ್ತದೆ” ಎಂಬ ಸಾಲನ್ನು ಮಾತ್ರ ಎರಡು ಸಲ ಓದಿದೆ.

“ಹೌದು ಸಾರ್, ನನ್ ಹತ್ರನೇ ಇರ್ತದೆ. ಒಂದಿನಾನೂ ತಡ ಮಾಡಿಲ್ಲ” ಎಂದು ಖುಷಿಯಿಂದ ಹೆಬ್ಬೆಟ್ಟು ಒತ್ತಿದ. ಬೆರಳಿನ ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡು, “ಇವತ್ತು ಎಣ್ಣೆ ಖರ್ಚು ಉಳೀತು” ಎಂದು ನಕ್ಕ.

ಮೂರು ದಿನದ ಮೇಲೆ ದ್ಯಾವಮ್ಮ ಬಂದಳು. ದಾರಿಯಲ್ಲೇ ಯಾರೋ ಹೇಳಿದ್ದರು. ಚೀಲ ಇಳಿಸುವ ಮೊದಲೇ, “ಪುಸ್ತಕ ನಾನು ತೋಟಕ್ಕೆ ಕೊಟ್ಟಿದ್ದು. ಬರೆದುಕೊಳ್ಳಿ ಅಂತ ನಿಮಗೆ ಹೇಳೋಕೆ ಹೆದರಿದೆ, ಅದು ನನ್ ತಪ್ಪು. ಆ ಕಾಗದ ವಾಪಸ್ ತರಿಸಿ” ಎಂದಳು. ಟಪಾಲು ಅವತ್ತು ಬೆಳಿಗ್ಗೆ ತಾನೇ ಹೋಗಿತ್ತು. ಮರುದಿನದ ಬಸ್ಸಿನಲ್ಲಿ ನಾನೇ ಹೋಗಿ ಹೇಳಬಹುದಿತ್ತು. “ಹೋದ ಕಾಗದ ಹೋಯ್ತು. ಬಾಯಿ ಮುಚ್ಕೊಂಡಿರು” ಎಂದೆ. ಇಪ್ಪತ್ತೆರಡು ವರ್ಷದಲ್ಲಿ ಅವಳಿಗೆ ನಾನು ಹಾಗೆ ಅಂದಿರಲಿಲ್ಲ. ಆಮೇಲೆ ಆ ಮಾತನ್ನು ಅವಳು ನನ್ನ ಮುಂದೆ ಎತ್ತಲಿಲ್ಲ. ಪುಸ್ತಕ ಒಯ್ಯುವುದನ್ನು ನಿಲ್ಲಿಸಿದ್ದಾಳೆಂದು ನಾನು ತಿಳಿದಿದ್ದೆ. ಅವಳು ಕೊನೆಯ ತಿಂಗಳವರೆಗೂ ನಿಮ್ಮಲ್ಲಿರುವುದನ್ನು ಪಕ್ಕದ ತೋಟಕ್ಕೆ, ಅಲ್ಲಿಯದನ್ನು ನಿಮ್ಮಲ್ಲಿಗೆ ಬದಲಿಸುತ್ತಿದ್ದಳೆಂದು ನಿಮ್ಮ ಚೀಲ ಬಿಚ್ಚಿ, ಒಳಪುಟದಲ್ಲಿ ಅವಳು ಪೆನ್ಸಿಲಿನಲ್ಲಿ ಬರೆದ ಹೆಸರುಗಳನ್ನು ನೋಡಿದಾಗ ಗೊತ್ತಾಯಿತು. ರಂಗಮ್ಮ, ವಿಮಲಮ್ಮ, ಮತ್ತೆ ರಂಗಮ್ಮ. ಪ್ರತಿ ಹೆಸರಿನ ಮುಂದೆ ತಾರೀಕು. ಅವಳ ರಿಜಿಸ್ಟರು ನನ್ನದಕ್ಕಿಂತ ಸರಿಯಾಗಿದೆ.

ನಾನು ದಿನಾ ಡೈರಿ ಬರೆಯುವವನು. ಹೆಬ್ಬೆಟ್ಟು ಹಾಕಿಸಿದ ದಿನದ ಪುಟ ತೆಗೆದು ನೋಡಿದೆ. “ಮಳೆ ಬಿಟ್ಟಿದೆ. ಓದುಗರು 29.” ಅಷ್ಟೇ ಇದೆ.

ನೀವು ಉತ್ತರ ಬರೆಯಬೇಕೆಂದು ಕೇಳುವುದಿಲ್ಲ.

ಶೇಷಪ್ಪ


ನೇರಲಗಂಡಿ ಶಾಖಾ ಗ್ರಂಥಾಲಯ
4 ಜೂನ್ 1979

ಜಿಲ್ಲೆಯ ಗ್ರಂಥಾಲಯ ಅಧಿಕಾರಿಗಳವರಿಗೆ,

ಮಾನ್ಯರೇ,

ತಾವು ಕೇಳಿದ ಮೂರು ವರ್ಷದ ಯೋಜನೆಯನ್ನು ತಡವಾಗಿ ಒಪ್ಪಿಸುತ್ತಿದ್ದೇನೆ. ಇದನ್ನು ಅಂಚೆಗೆ ಹಾಕದೆ ನಾನೇ ತಂದು ಕೊಡುತ್ತೇನೆ.

ಈಗ ದಿನಕ್ಕೆ ಸುಮಾರು ಮೂವತ್ತು ಜನ ಸಹಿ ಮಾಡುತ್ತಾರೆ. ಎಲ್ಲರೂ ಗಂಡಸರು. ಹೆಚ್ಚಿನವರು ಪೇಪರ್ ಓದಿ ಹೋಗುವವರು. ನಾವು ತೆರೆದಿರುವ ಹೊತ್ತಿನಲ್ಲಿ ತೋಟದವರು ಕೆಲಸದಲ್ಲಿರುತ್ತಾರೆ, ಅವರು ಊರಿಗೆ ಬರುವ ದಿನ ನಾವು ಮುಚ್ಚಿರುತ್ತೇವೆ. ಆದ್ದರಿಂದ ಸಂತೆ ದಿನ ತೆರೆದು ಬೇರೊಂದು ದಿನ ರಜೆ ಇಡಬೇಕು. ಮೊದಲ ವರ್ಷ ಎರಡು ಕೂಸಿನಮನೆಗಳಿಗೆ ಮೂವತ್ತು ಮೂವತ್ತು ಪುಸ್ತಕದ ಪೆಟ್ಟಿಗೆ ಕೊಟ್ಟು, ಲಸಿಕೆಯ ದಿನ ಆಸ್ಪತ್ರೆಯ ಜೀಪಿನಲ್ಲೇ ಬದಲಿಸಬಹುದು. ಹೊಸ ಗಾಡಿ ಬೇಡ. ಅದು ನಡೆದರೆ ಮುಂದಿನ ಎರಡು ವರ್ಷದಲ್ಲಿ ಉಳಿದ ತೋಟಗಳಿಗೆ. ಕೇಳಿ ತಿಳಿಯುವವರನ್ನೂ ಓದುಗರೆಂದು ಎಣಿಸಬೇಕು. ಬಸ್ಸಿನ ವೇಳೆ, ಡಾಕ್ಟರ್ ಬರುವ ದಿನ, ಸರ್ಕಾರದ ನೋಟೀಸು ಇವನ್ನು ಬಾಗಿಲ ಹೊರಗೆ ದೊಡ್ಡ ಅಕ್ಷರದಲ್ಲಿ ಬರೆಯಬೇಕು.

ಹೆಬ್ಬೆಟ್ಟು ಹಾಕಬೇಕಾದವರು ಕಾಗದ ತಂದರೆ ಅದನ್ನು ಒಂದು ಸಾಲೂ ಬಿಡದೆ ಓದಿ ಹೇಳುವುದು ಲೈಬ್ರರಿಯ ಕೆಲಸವಾಗಬೇಕು. ಈ ಕೆಲಸವನ್ನು ನನಗೆ ಕೊಡಬಾರದು.

ಇದರಲ್ಲಿ ಒಂದೂ ನನ್ನ ಆಲೋಚನೆಯಲ್ಲ. ಇದನ್ನೆಲ್ಲ ನನ್ನ ಹೆಂಡತಿ ದಿವಂಗತ ದ್ಯಾವಮ್ಮ ನಡೆಸಿ ತೋರಿಸಿದ್ದಳು. ಅವಳು ನಡೆಸಿದ್ದು ಎಪ್ಪತ್ತೇಳರಲ್ಲಿ ಕಳವಾದವೆಂದು ನಾನು ವರದಿ ಮಾಡಿದ ಪುಸ್ತಕಗಳಿಂದ. ಮೂವತ್ತೆಂಟು ಸಿಕ್ಕಿವೆ. ಮಾರಯ್ಯ ಒಂದನ್ನೂ ಮುಟ್ಟಿಲ್ಲ. ಹೇಳಿಕೆಯನ್ನು ಅವನಿಗೆ ಪೂರ್ತಿ ಓದಿ ಹೇಳದೆ ನಾನು ಹೆಬ್ಬೆಟ್ಟು ಹಾಕಿಸಿದೆ, ಹೆಂಡತಿ ನಿಜ ತಿಳಿಸಿದ ಮೇಲೂ ಸುಮ್ಮನಿದ್ದೆ. ಅವನ ಹೊಸ ಹೇಳಿಕೆಯನ್ನು, ಅವನು ಕೊಡಲು ಒಪ್ಪಿದರೆ, ಇದರ ಜೊತೆ ಇಡುತ್ತೇನೆ.

ತಮ್ಮ ವಿಧೇಯ,
ಶೇಷಪ್ಪ


ನೇರಲಗಂಡಿ
11 ಜೂನ್ 1979

ಮರಿಯಮ್ಮನವರಿಗೆ,

ಕಚೇರಿಯಲ್ಲಿ ಆದದ್ದನ್ನು ಮೊದಲು ಹೇಳಿ ಮುಗಿಸುತ್ತೇನೆ. ಅಧಿಕಾರಿಗಳು ಎಲ್ಲವನ್ನೂ ಓದಿದರು. “ಯೋಜನೆ ಚೆನ್ನಾಗಿದೆ. ನಾವು ಕರೆಯುವ ತನಕ ನೀವು ಮನೆಯಲ್ಲಿರಿ” ಎಂದರು. ಎರಡನ್ನೂ ಒಂದೇ ದನಿಯಲ್ಲಿ ಹೇಳಿದರು. ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಬಂದೆ. ಶಾಖೆ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ.

ಪುಸ್ತಕಗಳು ತಯ್ಯಬನ ಜೀಪಿನಲ್ಲಿ ವಾಪಸ್ ಬರುತ್ತಿವೆ. ನಾನು ಕಚೇರಿಗೆ ಹೊರಡುವ ಹಿಂದಿನ ದಿನ ರಿಜಿಸ್ಟರಿನಲ್ಲಿ ಒಂದೊಂದನ್ನೂ ಓದುಗರ ಹೆಸರಿಗೆ ಬರೆದಿದ್ದೇನೆ. ರಂಗಮ್ಮನಿಗೆ ಹೇಳಿ, ಗುಟ್ಟೇನೂ ಇಲ್ಲ.

ಕಚೇರಿಗೆ ಹೋಗುವ ಮೊದಲು ಮಾರಯ್ಯನನ್ನು ಕಂಡೆ. ಕ್ಯೂರಿಂಗ್ ವರ್ಕ್ಸಿನ ಅಂಗಳದಲ್ಲಿ ಕೂತು ದಬ್ಬಳದಲ್ಲಿ ಕಾಫಿ ಮೂಟೆಯ ಬಾಯಿ ಹೊಲಿಯುತ್ತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿದೆ. ಪಕ್ಕದಲ್ಲಿದ್ದವನು ನನ್ನನ್ನು ನೋಡಿ, “ಯಾರೋ ಮಾರಾಯ ಇವ್ರು, ನಿನ್ ನೆಂಟ್ರಾ?” ಎಂದ.

“ಅಲ್ಲ ಕಣೋ, ನಮ್ಮೂರ್ ಲೈಬ್ರರಿಯೋರು. ನಾನ್ ಕದ್ದಿದ್ದು ಇವ್ರ ಪುಸ್ತಕಾನೇ” ಎಂದ ಮಾರಯ್ಯ. ಸುತ್ತ ಇದ್ದವರೆಲ್ಲ ನಕ್ಕರು. ಓದಲು ಬಾರದ ಪುಸ್ತಕ ಕಳ್ಳ ಎಂಬುದು ಅಲ್ಲಿ ಹಳೆಯ ತಮಾಷೆ ಎಂದು ಕಾಣುತ್ತದೆ. ಅವನೂ ನಕ್ಕ. ನಾನು ಎಲ್ಲಿ ನೋಡಬೇಕೋ ತಿಳಿಯದೆ ಮೂಟೆಯ ಮೇಲಿನ ನಂಬರು ನೋಡುತ್ತ ನಿಂತೆ.

ಏಕೆ ಬಂದೆನೆಂದು ಹೇಳಲು ಬಾಯಿ ತೆರೆದೆ. ಅವನು ತಡೆದ. “ಗೊತ್ತು ಸಾರ್. ನಿಮ್ ಮನೆ ಅಮ್ಮೋರು ಬಂದಿದ್ರು, ನಾನು ಊರು ಬಿಡೋ ಹಿಂದಿನ್ ದಿನ. ಎಲ್ಲಾ ಹೇಳಿ ಅತ್ರು. ‘ಅವ್ರು ಬರ್ತಾರೆ ಮಾರಯ್ಯ. ತಡ ಆಗ್ಬೋದು, ಬರ್ತಾರೆ’ ಅಂದ್ರು. ಅದ್ಕೇ ನಾನು ಯಾರಿಗೂ ಏನೂ ಹೇಳ್ಲಿಲ್ಲ. ಆಗಾಗ ಆ ಗೇಟ್ ಕಡೆ ನೋಡ್ತಿದ್ದೆ. ಅಮ್ಮೋರು ಹೋದ ಸುದ್ದಿ ಬಂದ್ಮೇಲೆ ನೋಡೋದು ಬಿಟ್ಟೆ.”

ಗೇಟು ಅವನು ಕೂತಿದ್ದ ಜಾಗದಿಂದ ನೇರಕ್ಕೆ ಕಾಣುತ್ತದೆ.

ನಾನು ಬರೆದು ತಂದಿದ್ದ ಹೊಸ ಹೇಳಿಕೆಯನ್ನು ಓದಿದೆ. ಒಂದು ಸಾಲೂ ಬಿಡಲಿಲ್ಲ. ಮುಗಿದ ಮೇಲೆ ಮಸಿ ಡಬ್ಬಿ ತೆರೆದು ಮುಂದಿಟ್ಟೆ. ಅವನು ಕೈ ಚಾಚಲಿಲ್ಲ.

“ಈಗ ತೂಕದ ಮೊಹಿದ್ದೀನ್ ಸಾಬ್ರು ಓದ್ಲಿ. ನೀವು ಸ್ವಲ್ಪ ಆ ಕಡೆ ನಿಂತ್ಕಳಿ ಸಾರ್” ಎಂದ. ಕೋಪ ಇರಲಿಲ್ಲ. ಜಾಗ ಬಿಡಿ, ಗುಡಿಸಬೇಕು ಎಂದು ಮೊದಲು ಹೇಳುತ್ತಿದ್ದ ದನಿಯೇ.

ತೂಕ ಬರೆಯುವ ಮೊಹಿದ್ದೀನ್ ಸಾಹೇಬರು ಕನ್ನಡಕ ಹಾಕಿಕೊಂಡು ಬಂದರು. ಜೋರು ದನಿ ಅವರದು. ಬೀಜ ಆರಿಸುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ಬಾಗಿಲಿಗೆ ಬಂದರು. “ಶೇಷಪ್ಪ ಎಂಬವರು ಆ ಸಾಲನ್ನು ನನಗೆ ಓದಿ ಹೇಳಲಿಲ್ಲ” ಎಂಬಲ್ಲಿ ಸಾಹೇಬರು ನಿಂತರು. ಕನ್ನಡಕದ ಮೇಲಿಂದ ನನ್ನನ್ನು ನೋಡಿ, ಮತ್ತೆ ಓದಿದರು. ನಗುತ್ತಿದ್ದವರು ಯಾರೂ ಈಗ ನಗುತ್ತಿರಲಿಲ್ಲ.

“ಇಬ್ರು ಓದಿದ್ದೂ ಒಂದೇನಾ ಸಾಬ್ರೇ?”

“ಒಂದೇ ಮಾರಯ್ಯ. ಅವ್ರು ಏನೂ ಬಿಟ್ಟಿಲ್ಲ.”

“ಇನ್ನೊಂದ್ ಸಲ ಓದಿ.”

ಸಾಹೇಬರು ಮೊದಲಿಂದ ಓದಿದರು. ಮಾರಯ್ಯ ಕಣ್ಣು ಮುಚ್ಚಿ ಕೇಳಿದ. ಕೂಸಿಗೆ ಹಾಲು ಕೊಡುತ್ತ ಕೇಳುವವರ ಬಗ್ಗೆ ನೀವು ಬರೆದದ್ದು ನನಗೆ ಆಗ ನೆನಪಾಯಿತು.

ಆಮೇಲೆ ಎಡಗೈ ಹೆಬ್ಬೆರಳನ್ನು ಮಸಿಗೆ ಅದ್ದಿ, ತಾನೇ ಜಾಗ ನೋಡಿ ಒತ್ತಿದ. ಈ ಸಲ ಬೆರಳನ್ನು ತಲೆಗೆ ಒರೆಸಿಕೊಳ್ಳಲಿಲ್ಲ. ಮಸಿ ತಾನಾಗಿ ಒಣಗಲೆಂದು ಹಾಗೇ ಎತ್ತಿ ಹಿಡಿದುಕೊಂಡು, ಬಲಗೈಯಲ್ಲಿ ದಬ್ಬಳ ಹುಡುಕಿದ.

ಶೇಷಪ್ಪ